ಬರ್ಲಿನ್ನಿನ ಕಲ್ಲಿನ ಮೇಲೆ ಕೆತ್ತಿದ ಹೆಸರು

ಬರ್ಲಿನ್ ನಗರದ ಪಶ್ಚಿಮ ಭಾಗದಲ್ಲಿ ಒಲಿಂಪಿಯಾಸ್ಟೇಡಿಯನ್ ಎಂಬ ಹೆಸರಿನ ರೈಲು ನಿಲ್ದಾಣವೇ ಇದೆ. ಇಲ್ಲಿ ಓದುವವರಿಗೆ ವಿದ್ಯಾರ್ಥಿ ಪಾಸಿನಲ್ಲೇ ಪ್ರಯಾಣ ಮುಗಿಯುತ್ತದೆ. ಪಂದ್ಯವಿಲ್ಲದ ದಿನಗಳಲ್ಲಿ ಟಿಕೆಟ್ ಕೊಂಡು ಕ್ರೀಡಾಂಗಣವನ್ನು ಸುತ್ತಬಹುದು. ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ಮನೆಯಿಂದ ಬಂದ ಹಣಕ್ಕೆ ಪೈಸೆ ಪೈಸೆ ಲೆಕ್ಕ ಇಡುವ ನಮ್ಮಂಥವರಿಗೆ ಇದೇನೂ ಸಣ್ಣ ವಿಷಯವಲ್ಲ.

ಪರೀಕ್ಷೆ ಮುಗಿದ ಒಂದು ಭಾನುವಾರ ಹಾಸ್ಟೆಲಿನ ಪಕ್ಕದ ಕೋಣೆಯ ಗೆಳೆಯನೊಂದಿಗೆ ಹೊರಟೆ. ಅವನು ದಕ್ಷಿಣ ಕೊರಿಯಾದ ಸೋಲ್ ನಗರದವನು.

ಹೊರಗಿನಿಂದ ನೋಡಿದರೆ ಕಟ್ಟಡ ಅಷ್ಟೇನೂ ಎತ್ತರವೆನಿಸುವುದಿಲ್ಲ. ಎರಡು ಗೋಪುರಗಳು, ಅವುಗಳ ನಡುವೆ ತೂಗುವ ಐದು ಉಂಗುರಗಳು, ಹಿಂದೆ ಕಲ್ಲುಕಂಬಗಳ ಸಾಲು. ಒಳಗೆ ಕಾಲಿಟ್ಟಾಗಲೇ ಅದರ ಗಾತ್ರ ತಿಳಿಯುವುದು. ಮೈದಾನವನ್ನು ನೆಲಮಟ್ಟದಿಂದ ಸುಮಾರು 12 ಮೀಟರ್ ಕೆಳಕ್ಕೆ ಅಗೆದು ಮಾಡಿದ್ದಾರೆ. ನಮ್ಮ ದೇವಸ್ಥಾನಗಳ ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದ ಹಾಗೆ. ಆದರೆ ಈ ಕಲ್ಯಾಣಿಯ ಸುತ್ತ 74 ಸಾವಿರ ಜನ ಕೂರಬಹುದು. ತಳದಲ್ಲಿ ನೀಲಿ ಬಣ್ಣದ ಓಟದ ಪಥ. 2009ರಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ಇಲ್ಲಿಯೇ. 2006ರ ವಿಶ್ವಕಪ್ ಫೈನಲಿನಲ್ಲಿ ಜಿದಾನ್ ಎದುರಾಳಿಯ ಎದೆಗೆ ತಲೆಯಿಂದ ಗುದ್ದಿದ್ದೂ ಇಲ್ಲಿಯೇ. ಬಂದವರೆಲ್ಲ ಹೆಚ್ಚಾಗಿ ಮಾತನಾಡುವುದು ಈ ಎರಡರ ಬಗ್ಗೆ.

ಕ್ರೀಡಾಂಗಣ ಕಟ್ಟಿದ್ದು 1936ರ ಒಲಿಂಪಿಕ್ಸಿಗಾಗಿ, ಹಿಟ್ಲರನ ಆಡಳಿತದಲ್ಲಿ. ತನ್ನ ಜನಾಂಗವೇ ಶ್ರೇಷ್ಠವೆಂದು ಜಗತ್ತಿಗೆ ತೋರಿಸಲು ಹೊರಟವನ ಕಣ್ಣೆದುರೇ ಅಮೆರಿಕದ ಕರಿಯ ಓಟಗಾರ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದ. ಇಂದು ಹತ್ತಿರದ ರಸ್ತೆಯೊಂದಕ್ಕೆ ಓವೆನ್ಸನ ಹೆಸರಿದೆ. ಈ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು.

ನನ್ನ ಗೆಳೆಯ ಬಂದದ್ದು ಬೇರೆ ಕಾರಣಕ್ಕೆ. ಪಶ್ಚಿಮ ತುದಿಯಲ್ಲಿ ಮ್ಯಾರಥಾನ್ ದ್ವಾರವಿದೆ. ಸುತ್ತ ಬರುವ ಚಾವಣಿ ಅಲ್ಲೊಂದೆಡೆ ಮಾತ್ರ ಕಡಿದು, ಆಕಾಶ ಕಾಣುತ್ತದೆ. ಆ ದ್ವಾರದ ಗೋಡೆಯ ಮೇಲೆ 1936ರ ವಿಜೇತರ ಹೆಸರುಗಳನ್ನು ಕೆತ್ತಿದ್ದಾರೆ. ಮ್ಯಾರಥಾನಿನ ಮುಂದೆ ಇರುವುದು ‘ಸೋನ್, ಜಪಾನ್’.

ಸೋನ್ ಕೀ ಚುಂಗ್ ಜಪಾನಿನವನಲ್ಲ, ಕೊರಿಯಾದವನು. 1910ರಲ್ಲೇ ಜಪಾನು ಕೊರಿಯಾವನ್ನು ನುಂಗಿತ್ತು. ಹೀಗಾಗಿ ಅವನು ಓಡಿದ್ದು ಸೂರ್ಯನ ಗುರುತಿನ ಅಂಗಿ ತೊಟ್ಟು, ಕಿತೇಯಿ ಎಂಬ ಜಪಾನಿ ಹೆಸರಿನಲ್ಲಿ. ಎರಡು ಗಂಟೆ 29 ನಿಮಿಷಗಳಲ್ಲಿ ಓಟ ಮುಗಿಸಿ ಚಿನ್ನ ಗೆದ್ದ. ಕಂಚು ಗೆದ್ದ ನಾಮ್ ಸುಂಗ್ ಯಾಂಗನೂ ಕೊರಿಯಾದವನೇ. ಪದಕ ಪಡೆಯುವಾಗ ಇಬ್ಬರೂ ತಲೆ ತಗ್ಗಿಸಿ ನಿಂತರು. ಗೆದ್ದವರಿಗೆ ಕೊಡುತ್ತಿದ್ದ ಓಕ್ ಸಸಿಯನ್ನು ಸೋನ್ ಎದೆಗವಚಿಕೊಂಡು ಅಂಗಿಯ ಮೇಲಿನ ಸೂರ್ಯನನ್ನು ಮರೆಮಾಡಿದ. ಅವನ ಚಿನ್ನಕ್ಕಿಂತಲೂ ಆ ಸಸಿಯನ್ನು ಕಂಡು ತನಗೆ ಹೊಟ್ಟೆಕಿಚ್ಚಾಯಿತೆಂದು ನಾಮ್ ಮುಂದೆ ಹೇಳಿದ್ದುಂಟು. ಕೊರಿಯಾದ ‘ದೋಂಗ್ ಆ ಇಲ್ಬೊ’ ಪತ್ರಿಕೆ ಚಿತ್ರದಲ್ಲಿನ ಜಪಾನೀ ಗುರುತನ್ನು ಅಳಿಸಿ ಅಚ್ಚು ಹಾಕಿತು. ಪತ್ರಕರ್ತರು ಸೆರೆಯಾದರು, ಪತ್ರಿಕೆ ತಿಂಗಳುಗಟ್ಟಲೆ ನಿಂತುಹೋಯಿತು.

1970ರಲ್ಲಿ ದಕ್ಷಿಣ ಕೊರಿಯಾದ ಸಂಸದನೊಬ್ಬ ರಾತ್ರಿ ಹೊತ್ತು ಉಳಿ ಹಿಡಿದು ಬಂದು ‘ಜಪಾನ್’ ತೆಗೆದು ‘ಕೊರಿಯಾ’ ಎಂದು ಕೆತ್ತಿ ಹೋದ. ಜರ್ಮನರು ಮತ್ತೆ ‘ಜಪಾನ್’ ಕೆತ್ತಿಸಿದರು. ಅಧಿಕೃತ ದಾಖಲೆ ಇದ್ದದ್ದು ಹಾಗೆ ತಾನೆ!

ನಮ್ಮ ಕಡೆ ವೀರಗಲ್ಲುಗಳನ್ನು ಕಂಡವರಿಗೆ ಕಲ್ಲಿನ ಈ ಸ್ವಭಾವ ಹೊಸತೇನಲ್ಲ. ದನ ಕಾಯುತ್ತ ಸತ್ತವನು ಹಳ್ಳಿಯ ಬಡವನಾದರೂ ಅನೇಕ ಶಾಸನಗಳಲ್ಲಿ ಮೊದಲ ಸಾಲು ಅಂದಿನ ಅರಸನದು. ಕಲ್ಲು ಇದ್ದ ಹಾಗೆಯೇ ಇರಲಿ, ಪಕ್ಕದಲ್ಲಿ ನಿಜಸಂಗತಿ ತಿಳಿಸುವ ಫಲಕವೊಂದಿದ್ದರೆ ಸಾಕು ಎಂದೆ. ಗೆಳೆಯ ಅದೇ ಗೋಡೆಯಲ್ಲಿ ಹಾಕಿಯ ಸಾಲನ್ನು ತೋರಿಸಿದ. ಜರ್ಮನ್ ಭಾಷೆಯಲ್ಲಿ ‘ಇಂಡಿಯೆನ್’ ಎಂದಿತ್ತು. “ನೀನು ಸುಲಭವಾಗಿ ಹೇಳುತ್ತೀಯ. ಪರರ ಕೈಕೆಳಗಿದ್ದಾಗಲೂ ನಿಮ್ಮ ದೇಶದ ಹೆಸರು ಉಳಿದಿತ್ತು” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹಾಕಿ ಫೈನಲ್ ನಡೆದದ್ದು ಇದೇ ಆವರಣದ ಇನ್ನೊಂದು ಮೈದಾನದಲ್ಲಿ. ಮಳೆಯಿಂದ ಒಂದು ದಿನ ಮುಂದಕ್ಕೆ ಹೋಗಿ 1936ರ ಆಗಸ್ಟ್ 15ರಂದು ನಡೆಯಿತು. ತಾರೀಖು ಗಮನಿಸಿ! ಅಭ್ಯಾಸ ಪಂದ್ಯದಲ್ಲಿ ಜರ್ಮನಿಗೆ ಸೋತಿದ್ದ ತಂಡಕ್ಕೆ ಅಳುಕಿತ್ತು. ಆಟಕ್ಕೆ ಇಳಿಯುವ ಮುನ್ನ ಸಹಾಯಕ ವ್ಯವಸ್ಥಾಪಕ ಪಂಕಜ್ ಗುಪ್ತ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹೊರತೆಗೆದರು. ಧ್ಯಾನ್‌ಚಂದ್ ಮತ್ತು ಸಂಗಡಿಗರು ಅದಕ್ಕೆ ವಂದಿಸಿ ಹೊರಬಂದರು. 8-1 ಗೋಲುಗಳಿಂದ ಗೆದ್ದರು. ಹೊರಗೆ ಹಾರುತ್ತಿದ್ದದ್ದು ಮಾತ್ರ ಬ್ರಿಟಿಷ್ ಇಂಡಿಯಾದ ಬಾವುಟ.

ಸೋನ್ 2002ರವರೆಗೂ ಬದುಕಿದ್ದ. 1988ರ ಸೋಲ್ ಒಲಿಂಪಿಕ್ಸಿನಲ್ಲಿ, 76ನೇ ವಯಸ್ಸಿನಲ್ಲಿ, ಜ್ಯೋತಿ ಹಿಡಿದು ಕುಣಿಯುತ್ತಲೇ ಕ್ರೀಡಾಂಗಣಕ್ಕೆ ಬಂದ. ಬರ್ಲಿನ್ನಿನಿಂದ ಒಯ್ದ ಸಸಿಯನ್ನು ಅವನು ಓದಿದ್ದ ಶಾಲೆಯಲ್ಲಿ ನೆಟ್ಟಿದ್ದರು. ಶಾಲೆ ಬೇರೆಡೆ ಹೋಗಿ ಆ ಜಾಗ ಈಗ ಅವನ ಹೆಸರಿನ ಉದ್ಯಾನವಾಗಿದೆ. ಮರ ಈಗ ಎಷ್ಟು ದಪ್ಪಗಿದೆ ಎಂದು ಗೆಳೆಯ ರೈಲಿನಲ್ಲಿ ಎರಡೂ ತೋಳು ಚಾಚಿ ತೋರಿಸಿದ.