ಗೋಗಿಯಿಂದ ಮುದಗಲ್ಲಿಗೆ

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಮಗ್ಗುಲಲ್ಲಿ, ಬಿಜಾಪುರದ ಮೊದಮೊದಲ ಆದಿಲ್‌ಶಾಹಿ ದೊರೆಗಳ ಗೋರಿಗಳಿವೆ. ಗೋಳಗುಮ್ಮಟ ನೋಡಿ ಬಂದ ಕಣ್ಣಿಗೆ ಇವು ದೊರೆಗಳ ಗೋರಿಗಳೆಂದು ಅನಿಸುವುದೇ ಇಲ್ಲ, ಅಷ್ಟು ಸಾದಾ. ರಾಜ್ಯ ಕಟ್ಟಿದ ಯೂಸುಫ್ ಇಲ್ಲಿದ್ದಾನೆ. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾದದ್ದು ಇವನ ಮನೆತನದ ಕೈತಪ್ಪಿಯೇ. 1534ರಿಂದ 1558ರವರೆಗೆ ಆಳಿದ ಅವನ ಮೊಮ್ಮಗ, ಒಂದನೆಯ ಇಬ್ರಾಹಿಂ, ಅವನೂ ಇಲ್ಲೇ ಇದ್ದಾನೆ.

ನಮ್ಮ ಸೀಮೆಯ ಅತಿ ಹಳೆಯ ಚರ್ಚಿನ ಕತೆ ಹೇಳಬೇಕಾದರೆ ನಾನು ಈ ದರ್ಗಾದಿಂದಲೇ ಶುರು ಮಾಡುತ್ತೇನೆ. ಶಹಾಪುರದಿಂದ ಸುರಪುರ, ಅಲ್ಲಿಂದ ತಿಂಥಣಿ ಸೇತುವೆ, ಕೃಷ್ಣೆ ದಾಟಿದರೆ ಲಿಂಗಸುಗೂರು, ಅದರಾಚೆ ಮುದಗಲ್ಲು. ಅಲ್ಲಿಯ ಕ್ಯಾಥೊಲಿಕ್ ಚರ್ಚು 1557ಕ್ಕೂ ಮೊದಲೇ ಜೆಸ್ವಿಟ್ ಪಾದ್ರಿಗಳು ಕಟ್ಟಿಸಿದ್ದೆಂದು ದಾಖಲಾಗಿದೆ. ಅಂದರೆ ಗೋಗಿಯಲ್ಲಿ ಮಣ್ಣಾದ ಈ ಇಬ್ರಾಹಿಮನ ಆಳ್ವಿಕೆಯ ಕಾಲ. ಅಜ್ಜನ ಮನೆತನದಿಂದ ಗೋವೆ ಕಿತ್ತುಕೊಂಡವರ ಬೆನ್ನಿಗೇ ಬಂದ ಪಾದ್ರಿಗಳಿಗೆ ಮೊಮ್ಮಗನ ರಾಜ್ಯದಲ್ಲಿ ನೆಲೆ ಸಿಕ್ಕಿತು. ದೊರೆಗಳು ಇನಾಮು ಕೂಡ ಕೊಟ್ಟರೆಂಬ ಹೇಳಿಕೆಯಿದೆ. ಆ ಕಾಲದ ಲೆಕ್ಕದಲ್ಲಿ ನೋಡಿದರೆ ಇದು ಸಣ್ಣ ಮನಸ್ಸಿನವರು ಮಾಡುವ ಕೆಲಸವಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚರ್ಚು ಅಂದಕೂಡಲೆ ನಮ್ಮ ಕಡೆಯ ಓದಿದವರ ಬಾಯಲ್ಲೂ 'ಇಂಗ್ಲಿಷರ ಕಾಲದ್ದು' ಎಂಬ ಮಾತು ಬಂದುಬಿಡುತ್ತದೆ. ಸುರಪುರದವರಿಗಂತೂ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಣ್ಣೆದುರಿಗೇ ಇದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನ ಜೊತೆಗೇ ಕ್ರಿಸ್ತನೂ ಬಂದ ಎಂದುಕೊಳ್ಳುವುದು ಸಲೀಸು. ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನ್ನಿನ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಕೇಳಿ ಬೆಳೆದವರಿಗೂ ಹಾಗೇ ಅನಿಸುತ್ತದೆ. ಆ ಆಸ್ಪತ್ರೆಯ ಋಣ ದೊಡ್ಡದು, ಅದರ ಮಾತು ಬೇರೆ. ಆದರೆ ಮುದಗಲ್ಲಿನ ಚರ್ಚು ಎದ್ದು ನಿಂತಾಗ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೇ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1600ರಲ್ಲಿ. ರಕ್ಕಸತಂಗಡಿ ಯುದ್ಧಕ್ಕಿಂತಲೂ ಮುಂಚಿನ ಚರ್ಚು ಇದು. ಮುಂದೆ ಬಿಜಾಪುರ ಬಿತ್ತು, ಮೊಗಲರು ಬಂದರು, ನಿಜಾಮರು ಬಂದರು, 1948ರಲ್ಲಿ ಅವರೂ ಹೋದರು. ಕೋಟೆಯ ಬಾಗಿಲಲ್ಲಿ ಬಾವುಟ ಬದಲಾಗುತ್ತಲೇ ಇತ್ತು. ಜ್ವಾರಿ ಬಿತ್ತಿ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ, ಸತ್ತವರನ್ನು ಮಣ್ಣು ಮಾಡಿ, ಆ ಚರ್ಚಿನ ಮಂದಿ ಮಾತ್ರ ಊರು ಬಿಡಲಿಲ್ಲ. ಇಂಥವರನ್ನು 'ಹೊರಗಿನಿಂದ ಬಂದವರು' ಅನ್ನುವವರಿಗೆ ತಮ್ಮ ಸ್ವಂತ ಮನೆತನದ ವಂಶಾವಳಿ ಎಷ್ಟು ತಲೆಮಾರಿನವರೆಗೆ ಗೊತ್ತಿದೆಯೋ ನೋಡಿಕೊಳ್ಳಲಿ.

ಹಳೆಯದೆಂಬ ಕಾರಣಕ್ಕೇ ಒಂದು ಚರ್ಚು ಊರಿಗೆ ಬೇಕಾದದ್ದಾಗುವುದಿಲ್ಲ. ಅದು ಊರಿನ ನಡೆನುಡಿಯೊಳಗೆ ಸೇರಬೇಕು. ನಮ್ಮ ಕಡೆಯ ಚರ್ಚುಗಳಿಗೆ ಹೋದವರಿಗೆ ಇದು ಬಾಗಿಲಲ್ಲೇ ತಿಳಿಯುತ್ತದೆ. ಚಪ್ಪಲಿ ಹೊರಗೆ. ಹೆಂಗಸರು ಸೆರಗನ್ನು ತಲೆಯ ಮೇಲೆಳೆದುಕೊಂಡು ಒಳಗೆ ಬರುತ್ತಾರೆ. ಮೈಲಾಪುರದ ಮಲ್ಲಯ್ಯನ ಮುಂದೆ ಹೇಗೋ ಇಲ್ಲೂ ಹಾಗೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದ ಮೇಲೆ ಲ್ಯಾಟಿನ್ ಹಿಂದೆ ಸರಿದು ಬಲಿಪೂಜೆ ಕನ್ನಡಕ್ಕೆ ಬಂತು. ಪೂಜೆ ಗ್ರಂಥದ ಕನ್ನಡ ಗ್ರಾಂಥಿಕವೇ. ಆದರೆ ಪೂಜೆ ಮುಗಿದು ಫಾದರ್ ಅಂಗಳಕ್ಕೆ ಬಂದಾಗ 'ಯಪ್ಪಾ, ಮಗಳಿಗೆ ಮೈ ಬೆಚ್ಚಗದ, ಒಂದೀಟು ಕೈ ಇಟ್ಟು ಹರಸ್ರಿ' ಅನ್ನುವ ಕನ್ನಡ ಇದೆಯಲ್ಲ, ನನಗೆ ಅದೂ ಪ್ರಾರ್ಥನೆಯೇ. ಹಾಗೆ ಕೇಳುವವರಲ್ಲಿ ಹಣೆಗೆ ಕುಂಕುಮ ಇಟ್ಟವರೂ ಇರುತ್ತಾರೆ, ಬುರ್ಖಾ ತೊಟ್ಟವರೂ ಇರುತ್ತಾರೆ.

ಬೂದಿ ಬುಧವಾರ ನನಗೆ ತುಂಬ ಇಷ್ಟ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಆಶೀರ್ವಾದ ಮಾಡಿ ಕೊಟ್ಟ ಗರಿಗಳನ್ನು ಮನೆಯವರು ಗೋಡೆಗೆ, ದೇವರ ಪಟಕ್ಕೆ ಸಿಕ್ಕಿಸಿಟ್ಟಿರುತ್ತಾರೆ. ಒಣಗಿ ಹುರಿಗಟ್ಟಿದ ಆ ಗರಿಗಳನ್ನು ಚರ್ಚಿಗೆ ತಂದು ಸುಡುತ್ತಾರೆ. ಆ ಬೂದಿಯಲ್ಲಿ ಬೆರಳದ್ದಿ ಪಾದ್ರಿ ಒಬ್ಬೊಬ್ಬರ ಹಣೆಗೂ ಶಿಲುಬೆ ಎಳೆಯುತ್ತಾರೆ: ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು. ಅಲ್ಲಿಂದ ನಲವತ್ತು ದಿನದ ತಪಸ್ಸುಕಾಲ. ಹಣೆಯ ಮೇಲೆ ಕಪ್ಪು ಬೂದಿ ಹೊತ್ತ ಮುದುಕರು ಚಹಾದಂಗಡಿಗೆ ಬಂದು, ವಿಭೂತಿ ಧರಿಸಿದ ಮುದುಕರ ಪಕ್ಕ ಬೆಂಚಿನ ಮೇಲೆ ಕೂತಾಗ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಶರಣರ ನಾಡಿನವರಿಗೆ ಬೂದಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ತಪಸ್ಸುಕಾಲ ಮುಗಿಯುವ ಹೊತ್ತಿಗೆ ಬಿಸಿಲು ಬೆಂಕಿಯಾಗಿರುತ್ತದೆ. ಪವಿತ್ರ ಗುರುವಾರದ ರಾತ್ರಿಯಿಂದ ಈಸ್ಟರ್ ಜಾಗರಣೆಯವರೆಗೆ ಚರ್ಚಿನ ಗಂಟೆ ಬಾರಿಸುವಂತಿಲ್ಲ. ಅದರ ಬದಲು ಮರದ ತಾಳ. ಶುಭ ಶುಕ್ರವಾರ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಮೊಣಕಾಲೂರಿ ಏಳುವವರ ಬಟ್ಟೆಗೆ ಕೆಂಪು ಮಣ್ಣು ಮೆತ್ತಿರುತ್ತದೆ. ಉಪವಾಸ ಇದ್ದವರಿಗೆ ನೆರೆಮನೆಯವರು ಕೊಡದಲ್ಲಿ ನೀರು ತಂದಿಟ್ಟು ಕಾಯುತ್ತಾರೆ. ಅದೇ ಮುದಗಲ್ಲಿನಲ್ಲಿ ಮೊಹರಂ ಬಂದರೆ ಹುಸೇನಿ ಆಲಂ ನೋಡಲು ಸುತ್ತಲ ಜಿಲ್ಲೆಗಳೇ ಹರಿದುಬರುತ್ತವೆ, ಹಿಂದೂಗಳೂ ಹರಕೆ ಹೊರುತ್ತಾರೆ. ನೊಂದು ಸತ್ತ ಒಬ್ಬ ಪುಣ್ಯಾತ್ಮನಿಗಾಗಿ ವರ್ಷ ವರ್ಷ ಅಳುವುದು ಆ ಊರಿಗೆ ಎರಡು ದಾರಿಯಲ್ಲಿ ಗೊತ್ತು. ಇತ್ತ ತಿಂಥಣಿಯ ಮೌನೇಶ್ವರ, ಕೊಡೇಕಲ್ಲ ಬಸವಣ್ಣ ಇಬ್ಬರೂ ಹಿಂದೂ ಮುಸಲ್ಮಾನರಿಬ್ಬರಿಗೂ ಬೇಕಾದವರು. ಈ ಮಣ್ಣಿನಲ್ಲಿ ಚರ್ಚು ಬೇರು ಬಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

2005ರಲ್ಲಿ ಕಲಬುರಗಿಗೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ರಾಬರ್ಟ್ ಮೈಕೆಲ್ ಮಿರಾಂದ ಮೊದಲ ಬಿಷಪ್ಪರು. 2009ರ ಕೊನೆಗೆ ಹುಟ್ಟಿದ ಯಾದಗಿರಿ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲೇ ಇದೆ. ಇಷ್ಟಾದರೂ ಇಲ್ಲಿ ಚರ್ಚಿನ ಮಂದಿ ಕಡಿಮೆ. ಇದ್ದವರೂ ಗುಳೆ ಹೋಗುತ್ತಾರೆ. ನಾರಾಯಣಪುರದ ಕಾಲುವೆ ನೀರು ಬಂದ ಕಡೆ ಬತ್ತ ತೂಗುತ್ತದೆ. ಬಾರದ ಕಡೆಯವರು ಬೆಂಗಳೂರು, ಪುಣೆಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾರೆ. ಭಾನುವಾರದ ಪೂಜೆಯಲ್ಲಿ ಮುದುಕರೂ ಮಕ್ಕಳೂ ಮಾತ್ರ ಇರುವುದು ಕಂಡಾಗ ಸಂಕಟವಾಗುತ್ತದೆ. ಒಮ್ಮೆ ಒಬ್ಬ ಅಜ್ಜಿ ಮರಿಯಮ್ಮನ ಮುಂದೆ ಮೇಣದ ಬತ್ತಿ ಹಚ್ಚಿ, ಹತ್ತಿರ ನಿಂತ ನನಗೆ ಹೇಳಿದಳು: 'ಮಗ ಹನ್ನೊಂದನೇ ಮಾಳಿಗಿ ಮ್ಯಾಲ ಕೆಲಸ ಮಾಡ್ತಾನಂತ್ರಿ. ಅಷ್ಟೆತ್ತರದಾಗ ಇವಳ ಹೊರತು ಯಾರು ಹಿಡೀತಾರ?' ನಾನೂ ಒಂದು ಬತ್ತಿ ಹಚ್ಚಿದೆ.

ಮೊಹರಮ್ಮಿಗೆ ಮುದಗಲ್ಲಿಗೆ ಹೋಗುವ ನಮ್ಮ ಕಡೆಯವರಿಗೆ ನನ್ನದೊಂದು ಕೋರಿಕೆ. ಆಲಂ ನೋಡಿ, ಕೋಟೆ ಹತ್ತಿ, ಹಾಗೇ ಬಸ್ಸು ಹಿಡಿಯಬೇಡಿ. ಚರ್ಚಿಗೂ ಹೋಗಿ ಬನ್ನಿ, ಅಲ್ಲಿ ಹಿರಿಯರು ಸಿಕ್ಕರೆ ಅವರ ಅಜ್ಜ ಮುತ್ತಜ್ಜಂದಿರ ಕತೆ ಕೇಳಿ. ಬರುವಾಗ ಶಹಾಪುರದಲ್ಲಿಳಿದು ಗೋಗಿಗೂ ಹೋಗಿ, ಆ ಇಬ್ರಾಹಿಮನ ಗೋರಿಗೊಂದು ಹಿಡಿ ಹೂವು ಹಾಕಿ.