ಚದುರಂಗ ಕಲಿಸುವ ಪಾಠ

ಮಕ್ಕಳೇ, ನೀವು ಚದುರಂಗದ ಹಾಸನ್ನು ನೋಡಿದ್ದೀರಾ? ಅದರಲ್ಲಿ 64 ಮನೆಗಳಿವೆ. ಆಡುವ ಇಬ್ಬರಿಗೂ 16 ಕಾಯಿಗಳು: ಒಬ್ಬ ರಾಜ, ಒಬ್ಬ ಮಂತ್ರಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ, ಎಂಟು ಕಾಲಾಳುಗಳು. ಬೆಲೆಬಾಳುವ ಹಾಸೇ ಬೇಕೆಂದಿಲ್ಲ. ನಮ್ಮ ಶಾಲೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ರಟ್ಟಿನ ಕಾಯಿಗಳನ್ನಿಟ್ಟು ಮಕ್ಕಳು ಆಡುತ್ತಾರೆ. ಬಿಡುವಿದ್ದಾಗ ನಾನೂ ಅವರ ಜೊತೆ ಕೂರುತ್ತೇನೆ.

ಸ್ಪರ್ಧೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಆಡಬೇಕೆಂದು ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಆದ್ದರಿಂದ ಕೈಗಿಂತ ಮೊದಲು ಬುದ್ಧಿ ಓಡಬೇಕು. "ನಾನು ಹೀಗೆ ನಡೆದರೆ ಎದುರಿನವರು ಏನು ಮಾಡಬಹುದು?" ಎಂದು ಅವರ ಕಡೆಯಿಂದಲೂ ಯೋಚಿಸಬೇಕು. ಗೆಳೆಯನ ಮೇಲೆ ಕೋಪದ ಮಾತು ಆಡುವ ಮೊದಲೂ ಹೀಗೆಯೇ ಯೋಚಿಸಿದರೆ ಎಷ್ಟು ಒಳ್ಳೆಯದು, ಅಲ್ಲವೇ?

ಕಾಲಾಳನ್ನು ನೋಡಿ. ಅದು ಎಲ್ಲಕ್ಕಿಂತ ಚಿಕ್ಕ ಕಾಯಿ. ಹಿಂದೆ ಬರುವಂತಿಲ್ಲ. ಆದರೆ ಮೆಲ್ಲಮೆಲ್ಲನೆ ನಡೆದು ಕೊನೆಯ ಸಾಲು ಮುಟ್ಟಿದರೆ ಮಂತ್ರಿಯೇ ಆಗಬಹುದು!

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಂತ್ರಿ ಹೋದೊಡನೆ ಕಾಯಿಗಳನ್ನೆಲ್ಲ ಚೆಲ್ಲಿ ಎದ್ದುಬಿಡುತ್ತಿದ್ದ. "ಹೋದದ್ದನ್ನು ಎಣಿಸಬೇಡ, ಉಳಿದದ್ದನ್ನು ಎಣಿಸು" ಎಂದು ಹೇಳುತ್ತಿದ್ದೆ. ನಿಧಾನವಾಗಿ ಕಲಿತ. ಒಮ್ಮೆ ಗಣಿತದಲ್ಲಿ ತೀರ ಕಡಿಮೆ ಅಂಕ ಬಂತು. "ನಾಳೆಯಿಂದ ಶಾಲೆಗೆ ಬರುವುದಿಲ್ಲ. ಆಡು ಕಾಯಲು ಹೋಗುತ್ತೇನೆ" ಎಂದ. ನಾನು ಕೇಳಿದ್ದು ಒಂದೇ ಮಾತು: "ನಿನ್ನ ಬಳಿ ಏನು ಉಳಿದಿದೆ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೂಡುವುದು, ಕಳೆಯುವುದು, ಗುಣಿಸುವುದು ಬರುತ್ತದೆ ಸಾರ್. ಭಾಗಿಸುವುದು ಮಾತ್ರ ಬರುವುದಿಲ್ಲ" ಎಂದ. ಮರುದಿನ ಬಂದ. ಭಾಗಾಕಾರದಿಂದಲೇ ತೊಡಗಿದೆವು.

ಚೆನ್ನೈಯವರಾದ ಡಿ. ಗುಕೇಶ್ ಅವರ ಹೆಸರು ಕೇಳಿದ್ದೀರಲ್ಲವೇ? 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಅವರು ವಿಶ್ವ ಚಾಂಪಿಯನ್ ಆದರು. ಆಗ ಅವರಿಗೆ ಕೇವಲ 18 ವರ್ಷ. ಎದುರಾಳಿ ಚೀನಾದ ಡಿಂಗ್ ಲಿರೆನ್. ಗುಕೇಶ್ ಮೊದಲ ಆಟದಲ್ಲೇ ಸೋತಿದ್ದರು. ಎದೆಗುಂದದೆ ಆಡಿ 14ನೆಯ ಆಟದಲ್ಲಿ ಗೆದ್ದು ಕಿರೀಟ ಪಡೆದರು. ಗೆದ್ದಾಗ ಅವರಿಗೆ ಅಳು ಬಂತು. ಆದರೂ ಹಾಸಿನ ಮೇಲಿನ ಕಾಯಿಗಳನ್ನೆಲ್ಲ ಮತ್ತೆ ಅವುಗಳ ಮನೆಗಳಲ್ಲಿ ಒಪ್ಪವಾಗಿ ಜೋಡಿಸಿಟ್ಟರು.

ಮಕ್ಕಳೇ, ನೀವೂ ಆಡಿ. ಗೆದ್ದರೂ ಸೋತರೂ ಎದುರಿನವರ ಕೈಕುಲುಕಿ. ಕಾಯಿಗಳನ್ನು ಜೋಡಿಸಿಟ್ಟು ಏಳಿ. ನಾಳೆಯೂ ಆಟವಿದೆ.