ಪೈಲ್ವಾನನ ಖುರಾಕು ಯಾರ ಲೆಕ್ಕ?

ಕಳೆದ ವರ್ಷ ರಾಯಬಾಗದ ಕಡೆಯ ಒಂದು ಜಾತ್ರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿಕಾಲಿ ಕುಸ್ತಿ ಗೆದ್ದು ರೊಕ್ಕ ತಂದ. ಮರುದಿನ ಅವನ ತಾಯಿ ಮನೆಗೇ ಬಂದರು. "ಸರ್ರ, ಕಾಲೇಜ ಹುಡುಗ ಆಡಿ ರೊಕ್ಕಾ ತಗೊಂಡ್ರ ತಪ್ಪೇನ್ರಿ?" ಎಂದು ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಒಂದು ಕಾಲಕ್ಕೆ ಅದು ತಪ್ಪೇ ಆಗಿತ್ತು. 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಜಿಮ್ ಥಾರ್ಪ್, ಮೊದಲು ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂದು ಪದಕ ಕಳೆದುಕೊಂಡ. ಅದೇ ಅಮೆರಿಕದಲ್ಲಿ 2025ರಿಂದ ಕಾಲೇಜುಗಳೇ ತಮ್ಮ ಫುಟ್‌ಬಾಲ್ ಆಟಗಾರರಿಗೆ ನೇರವಾಗಿ ಹಣ ಕೊಡತೊಡಗಿವೆ.

ನಮ್ಮ ನೆರೆಯ ಕೊಲ್ಹಾಪುರದ ಕಥೆಯನ್ನೇ ನೋಡಿ. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಖಾಶಾಬಾ ಜಾಧವರ ಬಳಿ ಹಣವಿರಲಿಲ್ಲ. ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ಸ್ವಂತ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವರು ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮರಳಿದ ಮೇಲೆ ಕುಸ್ತಿಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು ಗೆದ್ದ ಹಣವನ್ನು ಆ ಮನೆ ಬಿಡಿಸಲು ಕೊಟ್ಟರು. ಆ ಹಣವನ್ನು ಯಾರು ತಪ್ಪೆಂದಾರು?

ವಿಜ್ಞಾನ ಕಲಿಸುವವನಾಗಿ ನನಗೆ ತಿಳಿದದ್ದಿಷ್ಟು: ಇಂಧನವಿಲ್ಲದೆ ದೇಹ ದುಡಿಯದು. ಹಾಲು, ತುಪ್ಪ, ಬದಾಮಿಯ ಖರ್ಚನ್ನು ಇಲ್ಲಿ ಹೊರುವುದು ಕಾಲೇಜಲ್ಲ, ಕಬ್ಬು ಬೆಳೆಯುವ ತಂದೆ. ಆದರೆ ಒಮ್ಮೆ ಮೊಣಕಾಲು ತಿರುಚಿದರೆ ಜಾತ್ರೆಯ ರೊಕ್ಕ ಅಲ್ಲಿಗೇ ನಿಲ್ಲುತ್ತದೆ. ಆಗ ಕೈಹಿಡಿಯುವುದು ಓದೇ.

ಕೊನೆಗೆ ಆ ತಾಯಿಗೆ ಹೇಳಿದೆ: "ರೊಕ್ಕಾ ತಗೊಳ್ಳೂದು ತಪ್ಪಲ್ಲ ತಂಗಿ. ಕ್ಲಾಸ್ ತಪ್ಪಿಸೂದು ತಪ್ಪು."